ಏಳು ಮೈಲಿಕಲ್ಲು, ಆರು ಮೈಲಿ

ಪೆಟ್ರೋಲಿನ ವಾಸನೆಗೆ ಇಂದಿಗೂ ನನ್ನ ಅಂಗೈ ಬೆವರುತ್ತದೆ.

ಅಣ್ಣ ಹುಣಸೂರಿನ ಸಾಹುಕಾರರ ಲಾರಿಯಲ್ಲಿ ಕಾಕನಕೋಟೆಯಿಂದ ಮರ ತರುತ್ತಿದ್ದ. ಗ್ಯಾಲನ್ನಿಗೆ ಹದಿನಾಲ್ಕು ಮೈಲಿ ಓಡಬೇಕಾದ ಲಾರಿ ಅದರ ಮೈಲಿ ಮೀಟರಿನ ಲೆಕ್ಕದಲ್ಲಿ ಹನ್ನೆರಡೇ ಓಡಿತ್ತು; ಪೆಟ್ರೋಲು ಹೆಚ್ಚು ಖರ್ಚಾಗಿತ್ತು. ಅವನೇ ಕದ್ದಿದ್ದಾನೆ ಎಂದರು ಸಾಹುಕಾರರು. ಮೀಟರೇ ಸುಳ್ಳೆಂದು ತೋರಿಸಲು ಅಣ್ಣ ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋದ. ಏಳನೇ ಮೈಲಿಕಲ್ಲು ಬಂದಾಗ ಮೀಟರು ಆರೇ ಮೈಲಿ ಏರಿದ್ದನ್ನು ನಾನೇ ನೋಡಿದೆ.

“ಗ್ಯಾಲನ್ನಿಗೆ ಅನ್ನೆರಡಲ್ಲ, ಅದಿನಾಕು ಓಡೈತೆ ಬುದ್ದಿ. ನಮ್ ಪುಟ್ಟಿ ನೋಡವ್ಳೆ, ಕೇಳಿ,” ಎಂದ ವಾಪಸು ಬಂದು.

ಬೆಳಿಗ್ಗೆ ಅವನು ಜಡೆ ಹಿಡಿದೆಳೆದು ಹೊಡೆದ ಸಿಟ್ಟು ನನಗಿನ್ನೂ ಆರಿರಲಿಲ್ಲ. “ನಾನು ನಿದ್ದೆ ಮಾಡ್ಬುಟ್ಟಿದ್ದೆ,” ಎಂದೆ.

ಸಾಹುಕಾರರು ನಕ್ಕರು. “ಒಳ್ಳೆ ಸಾಕ್ಷಿ ತಂದಿದ್ದೀಯ ಕಣ್ಲಾ.”

ಅವನನ್ನು ಲಾರಿಯ ಚಕ್ರಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆಸಿದರು. ಬಾಸುಂಡೆಯ ಮೇಲೆ ಪೆಟ್ರೋಲು ಸುರಿಸಿದರು. ಅಣ್ಣ ಕೂಗಿದ್ದು ಒಂದೇ ಮಾತು: “ಮಗೀನ ಒಳಕ್ಕೆ ಕಳ್ಸಿ ಬುದ್ದಿ, ಎದ್ರುಕೋತಾಳೆ.”

ನಾನು ಒಳಗೆ ಹೋಗಲಿಲ್ಲ. ಕೊನೆಯವರೆಗೂ ನೋಡುತ್ತ ನಿಂತಿದ್ದೆ.