ಹೊಂದಿಕೆಯಾದವನು

ಸ್ಟೆಮ್ ಸೆಲ್ ದಾನಿಗಳ ನೋಂದಣಿ ಕೇಂದ್ರದಲ್ಲಿ ಪ್ರಫುಲ್ಲಾಳ ಕೆಲಸವೆಂದರೆ ದಾನಿಗಳಿಗೆ ಫೋನು ಮಾಡುವುದು. ದೇಶದಲ್ಲಿ ದಾನಿಯ ರಕ್ತದ ಮೂಲಕೋಶಗಳನ್ನು ರೋಗಿಗೆ ಸೇರಿಸುವ ಕಸಿ ಚಿಕಿತ್ಸೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಹೆಸರು ಕೊಟ್ಟವರು ಕರೆದಾಗ ಕೈಕೊಡುವುದನ್ನು ಮಾತ್ರ ಯಾರೂ ಬರೆಯುತ್ತಿರಲಿಲ್ಲ.

ಈಗ ರಕ್ತದ ಕ್ಯಾನ್ಸರಿನಿಂದ ಮಲಗಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಇಡೀ ಪಟ್ಟಿಯಲ್ಲಿ ಹೊಂದಿಕೆಯಾಗಿದ್ದವನು ಒಬ್ಬನೇ, ಮಹಾಂತೇಶ. ಆರು ವರ್ಷದ ಹಿಂದೆ ಕಾಲೇಜಿನ ಶಿಬಿರವೊಂದರಲ್ಲಿ ತಾನಾಗಿ ಹೆಸರು ಬರೆಸಿದ್ದ. ಒಂದು ವಾರದಿಂದ ಅವನ ನಂಬರಿಗೆ ಕರೆ ಮಾಡಿದಾಗಲೆಲ್ಲ ಹೆಂಗಸೊಬ್ಬಳು ಎತ್ತಿ, "ಅವರು ಈಗ ಮಾತಾಡಂಗಿಲ್ರಿ" ಎಂದವಳೇ ಇಟ್ಟುಬಿಡುತ್ತಿದ್ದಳು.

"ಹೆಂಡತಿನೇ ಇರಬೇಕು, ಗಂಡನ್ನ ಬಚ್ಚಿಡ್ತಿದಾಳೆ," ಎಂದು ಪ್ರಫುಲ್ಲಾ ಪಕ್ಕದ ಮೇಜಿನವಳೆದುರು ರೇಗಿದಳು. "ಕೊಡಲ್ಲ ಅಂತಾದ್ರೂ ಬಾಯಿಬಿಟ್ಟು ಹೇಳಬಾರದಾ? ಅಲ್ಲಿ ಮಗು ದಿನ ಎಣಿಸ್ತಿದೆ!"

ಹನ್ನೊಂದನೆಯ ಸಲ ಗಂಡಸಿನ ದನಿ ಕೇಳಿಸಿತು, ಬಹಳ ಸಣ್ಣಗೆ.

"ಮಹಾಂತೇಶ ಅವರಾ?"

"ಹೌದ್ರಿ, ನಾನ. ಯಾರ್ರಿ?"

ಬೈಯಬೇಕೆಂದುಕೊಂಡದ್ದನ್ನೆಲ್ಲ ಅವಳು ನುಂಗಿಕೊಂಡಳು. ಈ ಸಲವೂ ಫೋನು ಇಟ್ಟುಬಿಟ್ಟರೆ ಎಂಬ ಭಯಕ್ಕೆ ಮಾತು ಒಂದೇ ಉಸಿರಿನಲ್ಲಿ ಹೊರಬಂತು. "ಸ್ಟೆಮ್ ಸೆಲ್ ಕೇಂದ್ರದಿಂದ ಸರ್. ಮ್ಯಾಚ್ ಆಗಿದೆ, ಅದಕ್ಕೇ..."

ಆ ಕಡೆ ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ್ದು, ಅಳುತ್ತಲೇ ಯಾರನ್ನೋ ಕೂಗಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಗಂಗವ್ವಾ, ಓಡಿಹೋಗಿ ಡಾಕ್ಟರ್‌ಗೆ ಹೇಳ! ನನಗ ಕೊಡೋರು ಸಿಕ್ಕಾರಂತ, ನಾ ಬದುಕತೀನಿ!"