ನೀಲಿ ರೇಷ್ಮೆ ಲಂಗ

ನೆನೆದ ರೇಷ್ಮೆಯ ಹಸಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ನಾನಾಗ ಕೊಳ್ಳೇಗಾಲದಲ್ಲಿ ನಾಲ್ಕನೇ ಕ್ಲಾಸು. ಹುಡುಗಿಯರೆಲ್ಲ ನೀಲಿ ಲಂಗದಲ್ಲೇ ಬರಬೇಕೆಂದು ಸ್ಕೂಲಿನಲ್ಲಿ ಹೇಳಿದ್ದರು. ಅಪ್ಪ ಸಾಹುಕಾರರಿಗೆ ಮಗ್ಗದಲ್ಲಿ ರೇಷ್ಮೆ ನೇಯುವವನು. ಬಣ್ಣ ಕಲೆಕಲೆಯಾಗಿದೆ ಎಂದು ಸಾಹುಕಾರರು ವಾಪಸ್ಸು ಎಸೆದಿದ್ದ ನೀಲಿ ರೇಷ್ಮೆ ಮನೆಯಲ್ಲಿತ್ತು. ಅವ್ವ ಅದನ್ನೇ ಕತ್ತರಿಸಿ, ಕಲೆಗಳನ್ನು ನೆರಿಗೆಯೊಳಗೆ ಅಡಗಿಸಿ, ಕೈಯಲ್ಲೇ ಲಂಗ ಹೊಲಿದಳು.

“ಇದೇನು ಸ್ಕೂಲೋ, ಮದುವೆ ಮನೆಯೋ? ಬಡವರ ಮಕ್ಕಳ ಮುಂದೆ ಮೆರೀತೀಯಾ?” ಎಂದು ಹೆಡ್‌ಮೇಷ್ಟ್ರು ನನ್ನನ್ನು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಲ್ಲಿಸಿದರು. ಬೆವರಿಗೆ ರೇಷ್ಮೆ ಕಾಲಿಗಂಟಿ ನಾರುತ್ತಿತ್ತು.

ಸುದ್ದಿ ತಿಳಿದು ಅಪ್ಪ ಮಗ್ಗದಿಂದ ಎದ್ದವನೇ ಓಡಿ ಬಂದ. “ಮೆರೆಯಕ್ಕೆ ನಾವೆಷ್ಟರೋರು ಸಾ? ನೂಲಿನ ಬಟ್ಟೆ ಆದ್ರೆ ಅಂಗ್ಡೀಲಿ ಕೊಂಡ್ಕಬೇಕು. ಇದು ಮನೇಲಿ ಸುಮ್ಕೆ ಬಿದ್ದಿತ್ತು,” ಅಂದ.

“ರೇಷ್ಮೆ ಸುಮ್ಮನೆ ಬಿದ್ದಿರುತ್ತಂತೆ, ಕೇಳ್ರಪ್ಪಾ!” ಎಂದು ಮೇಷ್ಟ್ರು ನಕ್ಕರು. ಕ್ಲಾಸೂ ನಕ್ಕಿತು. ದಿನವೂ ನಮ್ಮ ಬೀದಿಯ ಮಗ್ಗದ ಸದ್ದು ಕೇಳಿಕೊಂಡೇ ಸ್ಕೂಲಿಗೆ ಬರುತ್ತಿದ್ದ ಮನುಷ್ಯ!

ಅವ್ವನಿಗೆ ಇದ್ದದ್ದೇ ಎರಡು ನೂಲಿನ ಸೀರೆ. ನೀಲಿಯದನ್ನು ಅವತ್ತೇ ಸಂಜೆ ಕತ್ತರಿಸಿ ನನಗೆ ಲಂಗ ಹೊಲಿದಳು. ಮಾರನೇ ದಿನ ಮೇಷ್ಟ್ರು ನನ್ನನ್ನು ಮುಂದೆ ಕರೆದು, “ನೋಡಿ, ಈಗ ಇವಳೂ ಎಲ್ಲರ ಹಾಗೆ ಆದಳು,” ಎಂದು ಬೆನ್ನು ತಟ್ಟಿದರು.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದರೆ ಬಾಗಿಲು ಹಾಕಿತ್ತು. ಒಳಗೆ ಅವ್ವ, ಒಗೆದು ಹಾಕಿದ ಒಂದೇ ಸೀರೆ ಒಣಗುವುದನ್ನು ಕಾಯುತ್ತ, ಮಗ್ಗದ ಹಿಂದೆ ಕೂತಿದ್ದಳು. ನನ್ನ ಲಂಗದ ಹೊಲಿಗೆ ಬಿಚ್ಚಿ, ಆ ರೇಷ್ಮೆಯನ್ನೇ ಮೈಗೆ ಸುತ್ತಿಕೊಂಡಿದ್ದಳು.