ಕೆಂಡದ ಬೋಕಿ

ಈ ಕಥೆಯನ್ನು ಮೊದಲು ಹೇಳಿದವರು ರಂಗಂಪೇಟೆಯ ಗುರುಲಿಂಗಮ್ಮ. ೧೯೭೪ರ ಒಂದು ಸಂಜೆ, ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು.

ಕನ್ನಡ ರಾಜ್ಯ ಒಂದಾದ ಮರುವರ್ಷ, ೧೯೫೭. ಪುರಸಭೆಯ ಮೇಜಿನ ಮೇಲೆ ಹೊಸ ಬಡಾವಣೆಯ ನಕ್ಷೆ ಹಾಸಿತ್ತು. ಯಾರ ಮಗ್ಗುಲಲ್ಲಿ ಯಾರ ಮನೆ ಎಂಬುದನ್ನು ಜನರೇ ಹೇಳಬೇಕೆಂದು ಠರಾವಾಗಿತ್ತು. ಅಣ್ಣತಮ್ಮಂದಿರು, ಬೀಗರು ಒಬ್ಬರನ್ನೊಬ್ಬರು ಹೆಸರಿಸಿ ಮುಗಿದಿತ್ತು. ಊರಾಚೆಯ ಕುರಿದಡ್ಡಿಯಲ್ಲಿ ಒಂಟಿಯಾಗಿದ್ದ ರೇಣಮ್ಮ ಮಾತ್ರ ಉಳಿದಿದ್ದಳು. ಅವಳ ಸೆರಗಿನೊಳಗೆ ಒಂದು ಬೋಕಿಯಿತ್ತು. ನೆರೆಮನೆಯಿಂದ ಕೆಂಡ ತರುವ ಮಡಕೆಚೂರು ಅದು. ನೆರೆಯೇ ಇಲ್ಲದ ದಡ್ಡಿಯಲ್ಲಿ ಇಷ್ಟು ವರ್ಷವೂ ತಣ್ಣಗೆ ಬಿದ್ದಿತ್ತು.

"ಯಾರ ಮಗ್ಗಲಾಗ ಜಾಗಾ ಬೇಕಬೇ ರೇಣಮ್ಮ?" ಅಧ್ಯಕ್ಷ ಭಗವಂತರಾಯರು ಕೇಳಿದರು.

"ಕೆಂಡ ಕೇಳಿದ್ರ ಇಲ್ಲ ಅನ್ನದವ್ರ ಮಗ್ಗಲಾಗ ಕೊಡ್ರಿ."

"ಹಂಗಾರ ಒಲಿಯೊಳಗ ಹೋಗಿ ಕುಂದ್ರಬೇ!" ಎಂದ ಸದಸ್ಯ ಬಸವಂತ್ರಾಯ. ಸಭೆ ನಕ್ಕಿತು. ನಗು ನಿಂತ ಮೇಲೂ ಯಾರೊಬ್ಬರೂ ತಮ್ಮ ಹೆಸರು ಹೇಳಲಿಲ್ಲ.

ಅಧ್ಯಕ್ಷರು ನಕ್ಷೆಯ ಅಂಚಿನ ಚೌಕದ ಮೇಲೆ ಬೆರಳಿಟ್ಟರು. "ಇದು ನಿಂದು."

"ಮಗ್ಗಲಾಗ್ರಿ?"

"ಸದ್ಯಕ್ಕ ಖಾಲಿ."

ರೇಣಮ್ಮ ಸೆರಗಿನಿಂದ ಬೋಕಿಯನ್ನು ತೆಗೆದು, ಆ ಖಾಲಿ ಚೌಕದ ಮೇಲೆ ಮೆಲ್ಲಗೆ ಇಟ್ಟಳು. "ಯಾರರ ಬರೋಮಟ ಇದ ಇರ್ಲಿ ಬಿಡ್ರಿ."

ಗುರುಲಿಂಗಮ್ಮ ಅಲ್ಲಿಗೆ ಮಾತು ನಿಲ್ಲಿಸಿದರು. ಒಲೆ ಹಚ್ಚುವ ಹೊತ್ತಾಗಿತ್ತು. ಕೇಳುತ್ತಿದ್ದವರು ಎದ್ದು ತಮ್ಮ ತಮ್ಮ ಮನೆಗೆ ಹೋದರು. ಎಲ್ಲರ ಮನೆಯಲ್ಲೂ ಕಡ್ಡಿಪೆಟ್ಟಿಗೆ ಇತ್ತು.